ಅಜ್ಜಿಯ ಹೆಸರಿನ ಡಬ್ಬಿ

ಲಿಂಗರಾಜಪುರದ ಆ ಎರಡು ಕೋಣೆಯ ಮನೆಯಲ್ಲಿ ನಾವು ಏಳೆಂಟು ಜನ ಇದ್ದೆವು: ಅಪ್ಪ, ಅಮ್ಮ, ಉಳಿದವರೆಲ್ಲ ನಾನೇ. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುವವರು. ಮೂರೂವರೆಗೆ ಶಾಲೆ ಬಿಟ್ಟರೆ, ಕೊರಳಿಗೆ ಕಟ್ಟಿದ ಬೀಗದ ಕೈಯಿಂದ ನಾನೇ ಬಾಗಿಲು ತೆಗೆದು ಒಳಗೆ ಹೋಗಿ, ಆರೂವರೆಯ ತನಕ ಒಬ್ಬನೇ ಇರಬೇಕು. ಒಬ್ಬನೇ ಇರುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಹಾಗಾಗಿ ಜನರನ್ನು ಕರೆಸಿಕೊಳ್ಳುತ್ತಿದ್ದೆ. ಹಾಲಿನವನ ತಮಿಳು, ಹಳೇ ಪೇಪರಿನವನ ಎಳೆದ ಕೂಗು, ಪಕ್ಕದ ಮನೆಯ ಶಬಾನಾಳನ್ನು ಅವಳ ಅಮ್ಮಿ ದಖನಿ ಉರ್ದುವಿನಲ್ಲಿ ಬಯ್ಯುವ ರಾಗ, ಮೂಗಿನಿಂದಲೇ ಲೆಕ್ಕ ಹೇಳಿಕೊಡುವ ನಮ್ಮ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ವಾಸವಾಗಿದ್ದರು. ಒಬ್ಬೊಬ್ಬರನ್ನೇ ಹೊರಗೆ ಬಿಟ್ಟು ಅವರವರಲ್ಲೇ ಜಗಳ ಹಚ್ಚುತ್ತಿದ್ದೆ. ಹಾಲಿನವನಿಗೂ ಲೆಕ್ಕದ ಮೇಷ್ಟ್ರಿಗೂ ಎಂದೂ ಆಗಿಬರುತ್ತಿರಲಿಲ್ಲ. ಅಮ್ಮ ಬಂದು ಬಾಗಿಲು ತಟ್ಟಿದ ಕೂಡಲೇ ಅವರೆಲ್ಲ ನನ್ನನ್ನು ಬಿಟ್ಟು ಓಡಿಹೋಗುತ್ತಿದ್ದರು.

"ಯಾರ್ ಜೊತೆ ಮಾತಾಡ್ತಿದ್ದೆ?"

"ಯಾರೂ ಇಲ್ಲಮ್ಮ."

ನಾನು ಆ ವಯಸ್ಸಿನಲ್ಲಿ ಆಡಿದ ಕೆಲವೇ ನಿಜಗಳಲ್ಲಿ ಅದೂ ಒಂದು.

ಮೂರನೆಯ ಕ್ಲಾಸಿನಲ್ಲಿದ್ದಾಗ ದಾವಣಗೆರೆಯಿಂದ ಅಜ್ಜಿ ಬಂದಳು. ಅಪ್ಪನ ಅವ್ವ. ಅಜ್ಜ ತೀರಿಕೊಂಡ ಮೇಲೆ ದೊಡ್ಡಪ್ಪನ ಮನೆಯಲ್ಲಿದ್ದವಳು ನಾಲ್ಕು ದಿನ ಇದ್ದು ಹೋಗುತ್ತೇನೆಂದು ಒಂದು ತಗಡಿನ ಟ್ರಂಕಿನೊಂದಿಗೆ ಬಂದಿಳಿದಳು. ಆ ನಾಲ್ಕು ದಿನ ಮೂರು ವರ್ಷ ನಡೆಯಿತು. ಬಂದ ಮರುದಿನ, ಅಮ್ಮ ಆಫೀಸಿಗೆ ಹೋದ ಹೊತ್ತಿನಲ್ಲಿ, ಅವಳ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿ, ಕೈಗೆಟಕುವ ಹಲಗೆಯಲ್ಲಿ ಶೇಂಗಾ ಪುಡಿ, ಅಗಸಿ ಪುಡಿ, ಗುರೆಳ್ಳು ಪುಡಿ ಸಾಲಾಗಿ ನಿಲ್ಲಿಸಿದಳು. ಸಂಜೆ ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದವಳು ತನ್ನದೇ ಅಡಿಗೆಮನೆಯ ಬಾಗಿಲಲ್ಲಿ ನೆಂಟರ ಹಾಗೆ ನಿಂತದ್ದು ನನಗೆ ನೆನಪಿದೆ. ಅವಳು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಜಗಳವನ್ನೂ ಮೆತ್ತಗೆ ಆಡುವ ಪೈಕಿ.

"ಸಾರಿಗೆ ಇಷ್ಟೊಂದು ಕೊಬ್ಬರಿ ಹಾಕ್ತೀರಾ ಅತ್ತೆ?"

"ಹಾಕ್ತೀನವ್ವ. ಯಾಕ, ನಿಮ್ಮ ಹಲಸೂರಾಗ ಹಾಕಂಗಿಲ್ಲೇನು?"

"ಹಾಕ್ತೀವಿ. ಆದ್ರೆ ಸಾರು ಕಾಣೋ ಹಾಗೆ ಹಾಕ್ತೀವಿ."

ಜಗಳ ಅಷ್ಟೇ. ಆಮೇಲೆ ಎರಡು ದಿನ ಪಾತ್ರೆಗಳು ಮಾತಾಡುತ್ತಿದ್ದವು. ಅಮ್ಮ ಮನಸ್ಸು ಗಟ್ಟಿ ಮಾಡಿದ್ದರೆ ಅಡಿಗೆಮನೆಯನ್ನು ವಾಪಸು ಪಡೆಯಬಹುದಿತ್ತೇನೋ. ಆದರೆ ಮೂರೂವರೆಗೆ ಶಾಲೆಯಿಂದ ಬರುವ ಹುಡುಗನಿಗೆ ಬಾಗಿಲು ತೆಗೆದಿರುತ್ತಿತ್ತು, ನನ್ನ ಕೊರಳ ಬೀಗದ ಕೈ ಮೊಳೆಗೆ ಹೋಗಿ ನೇತುಕೊಂಡಿತ್ತು. ಅದಕ್ಕೆ ಬದಲಾಗಿ ಅಮ್ಮ ಸುಮ್ಮನಿದ್ದಳು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಒಂದೇ: ನನ್ನ ಮಿಮಿಕ್ರಿಗೆ ಕೊನೆಗೂ ಪ್ರೇಕ್ಷಕರು ಸಿಕ್ಕಿದ್ದರು. ಅಜ್ಜಿ ನಗುವಾಗ ಮೊದಲು ಸದ್ದೇ ಇರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಹಿಂದಿನಿಂದ ನೋಡಿದರೆ ಅಳುತ್ತಿದ್ದಾಳೆ ಅನ್ನಬೇಕು. ಆಮೇಲೆ ಒಮ್ಮೆಲೇ, "ಲೇ ಮಂಗ್ಯಾ, ಸಾಕು ಬಿಡಲೇ, ಹೊಟ್ಟಿ ನೋಯ್ತೈತಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಹಾಲಿನವನನ್ನೂ ಮೇಷ್ಟ್ರನ್ನೂ ಅವಳು ಇನ್ನೂ ನೋಡಿರಲಿಲ್ಲ, ಆದರೆ ಇಬ್ಬರ ಪರವಾಗಿಯೂ ವಾದಿಸುವಷ್ಟು ಪರಿಚಯವಾಗಿದ್ದರು.

ಸಂಜೆ ನಾಲ್ಕಕ್ಕೆ ಕೈತುತ್ತು. ಮಧ್ಯಾಹ್ನದ ಅನ್ನವನ್ನು ಒಂದು ಅಗಲವಾದ ಬೇಸಿನ್ನಿಗೆ ಹಾಕಿ, ಮೊಸರು, ಚೂರು ಹಾಲು, ಉಪ್ಪು ಸೇರಿಸಿ ಅಂಗೈಯಿಂದ ನಾದಿ ನಾದಿ ಬೆಣ್ಣೆ ಮಾಡಿ, ಮೇಲೆ ಶೇಂಗಾ ಪುಡಿ ಉದುರಿಸಿ, ಹಿಂದಿನ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ನಾನು ಮತ್ತು ಶಬಾನಾ. ಶಬಾನಾ ನನಗಿಂತ ಒಂದು ವರ್ಷ ಚಿಕ್ಕವಳು, ನನ್ನ ಏಕೈಕ ಸ್ನೇಹಿತೆ. ಅವಳ ಅಬ್ಬನಿಗೆ ಶಿವಾಜಿನಗರದಲ್ಲಿ ಸೂಟ್‌ಕೇಸು ಬ್ಯಾಗುಗಳ ಅಂಗಡಿ. ಮೊದಮೊದಲು ಅಜ್ಜಿ ನನ್ನ ಕೈಗೆ ತುತ್ತನ್ನು ಒತ್ತಿ ಇಡುತ್ತಿದ್ದಳು, ಶಬಾನಾಳ ಕೈಗೆ ನಾಲ್ಕು ಬೆರಳು ಎತ್ತರದಿಂದ ಬೀಳಿಸುತ್ತಿದ್ದಳು. ಶಬಾನಾ ಕ್ರಿಕೆಟ್ಟಿನ ಕ್ಯಾಚಿನಂತೆ ಹಿಡಿದು "ಔಟ್!" ಎನ್ನುತ್ತಿದ್ದಳು. ಎರಡು ತಿಂಗಳಲ್ಲಿ ಆ ನಾಲ್ಕು ಬೆರಳು ಎರಡಾಗಿ, ಎರಡು ಒಂದಾಗಿ, ಕೊನೆಗೆ ಅಜ್ಜಿ ಅವಳ ಬಾಯಿಗೇ ತುತ್ತಿಡತೊಡಗಿದಳು. ಉಪ್ಪು ಸರಿಯಿದೆಯೋ ಇಲ್ಲವೋ ಎಂದು ನಡುನಡುವೆ ತಾನೂ ಬೆರಳು ನೆಕ್ಕಿ, ಅದೇ ಬೆರಳಿನಿಂದ ಮುಂದಿನ ತುತ್ತು ಕಟ್ಟುವಳು. ನನ್ನ ಬಾಲ್ಯದಲ್ಲಿ ಒಂಟಿತನ ಇಲ್ಲದ ಒಂದು ಗಂಟೆ ಯಾವುದೆಂದರೆ ಅದು.

ನಾಲ್ಕನೆಯ ಕ್ಲಾಸಿನಲ್ಲಿ ನನಗೆ ಟೈಫಾಯ್ಡ್ ಬಂತು. ಎಲ್ಲರೂ ಶಾಲೆಯ ಗೇಟಿನ ಐಸ್‌ಕ್ಯಾಂಡಿಯವನನ್ನು ಬೈದರು. ಆರನೆಯ ಕ್ಲಾಸಿನಲ್ಲಿ ಮತ್ತೆ ಬಂತು. ಆಗ ಐಸ್‌ಕ್ಯಾಂಡಿಯವನು ಜಾಗ ಬಿಟ್ಟು ವರ್ಷವಾಗಿತ್ತು, ಬೈಯಲು ಯಾರೂ ಸಿಗಲಿಲ್ಲ. ಜ್ವರ ದಿನಕ್ಕೊಂದು ಮೆಟ್ಟಿಲು ಹತ್ತುತ್ತದೆ, ಇಳಿಯುವ ಮನಸ್ಸೇ ಇಲ್ಲ. ನಾಲಗೆಯ ಮೇಲೆ ಸುಣ್ಣ ಬಳಿದ ಹಾಗೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಗಂಜಿಯ ಮೇಲಿನ ತಿಳಿ. ಒಳಕೋಣೆಯ ಕಬ್ಬಿಣದ ಮಂಚದಲ್ಲಿ ಮಲಗಿ ಚಾವಣಿಯ ಗೆರೆ ಎಣಿಸುತ್ತ, ಯಾರನ್ನಾದರೂ ಕರೆಸಿಕೊಳ್ಳೋಣವೆಂದರೆ ಗಂಟಲಲ್ಲಿ ಒಬ್ಬರೂ ಇರಲಿಲ್ಲ. ಹಾಲಿನವನು, ಮೇಷ್ಟ್ರು ಎಲ್ಲ ಖಾಲಿ ಮಾಡಿಕೊಂಡು ಹೋಗಿದ್ದರು. ಅಜ್ಜಿ ಮಾತ್ರ ಮಂಚದ ಪಕ್ಕ ನೆಲದ ಮೇಲೆ ಕೂತು, ಹಣೆಯ ಬಟ್ಟೆ ಬದಲಾಯಿಸುತ್ತ, ತನ್ನ ಚಿಕ್ಕಂದಿನಲ್ಲಿ ತನಗೂ ಇಂಥದೇ ಜ್ವರ ಬಂದು ನಲವತ್ತು ದಿನ ಮಲಗಿದ್ದ ಕತೆ ಹೇಳುತ್ತಿದ್ದಳು. ನನಗೆ ಮೂರನೆಯ ವಾರ ನಡೆಯುವಾಗ ಶಬಾನಾಳಿಗೂ ಬಂತು. ಅವಳದು ನನ್ನದಕ್ಕಿಂತ ಕೆಟ್ಟದ್ದು. ಹೊಟ್ಟೆಯ ಒಳಗೆ ಕರುಳಿನಿಂದ ರಕ್ತ ಹೋಗಿ ಆಸ್ಪತ್ರೆಗೆ ಸೇರಿಸಿದರು. ಗೋಡೆಯಾಚೆ ಅವಳ ಅಮ್ಮಿಯ ಬೈಗುಳ ನಿಂತುಹೋಯಿತು. ಆ ಗೋಡೆ ಅಷ್ಟು ದಪ್ಪ ಇದೆಯೆಂದು ನನಗೆ ಗೊತ್ತಾದದ್ದು ಆವಾಗ.

ಟೈಫಾಯ್ಡಿನ ಕ್ರಿಮಿಯ ಬಗ್ಗೆ ನಾನು ಸರಿಯಾಗಿ ಓದಿಕೊಂಡದ್ದು ಬಹಳ ವರ್ಷಗಳ ಮೇಲೆ. ಓದಿದಾಗ, ಕ್ಷಮಿಸಬೇಕು, ಮೊದಲು ಮೂಡಿದ್ದು ಮೆಚ್ಚುಗೆ. ಅನ್ನದ ಜೊತೆಗೋ ನೀರಿನ ಜೊತೆಗೋ ಬಾಯಿಂದ ಒಳಗೆ ಇಳಿಯುತ್ತದೆ. ಜಠರದ ಆಮ್ಲದಲ್ಲಿ ಬಹುಪಾಲು ಸುಟ್ಟುಹೋಗುತ್ತವೆ, ಉಳಿದ ಕೆಲವು ಸಣ್ಣಕರುಳು ಮುಟ್ಟಿ ಅದರ ಗೋಡೆ ದಾಟುತ್ತವೆ. ಅಲ್ಲಿ ಮೈಯ ಕಾವಲುಗಾರ ಕಣಗಳು ಬಂದು ಅವನ್ನು ನುಂಗುತ್ತವೆ. ಬೇರೆ ಯಾವ ಕ್ರಿಮಿಯಾದರೂ ಅಲ್ಲಿಗೆ ಮುಗಿಯಿತು. ಇದು ಮಾತ್ರ ನುಂಗಿದವನ ಹೊಟ್ಟೆಯಲ್ಲೇ ಚಾಪೆ ಹಾಸುತ್ತದೆ. ಕಳ್ಳ ಪೊಲೀಸ್ ಜೀಪಿನಲ್ಲೇ ಕೂತು ಊರು ಸುತ್ತಿದ ಹಾಗೆ, ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ ಎಲ್ಲ ಕಡೆ ಹೋಗಿ ಇಳಿದು ಸಂಸಾರ ಬೆಳೆಸುತ್ತದೆ. ಅಷ್ಟು ದಿನ ಮಗು ಆಡಿಕೊಂಡೇ ಇರುತ್ತದೆ. ಆಮೇಲೊಂದು ದಿನ ಎಲ್ಲ ಒಟ್ಟಿಗೆ ರಕ್ತಕ್ಕೆ ಇಳಿದಾಗ ಜ್ವರ. ಜ್ವರ ಬಿಟ್ಟ ಮೇಲೂ ಕೆಲವು ಪಿತ್ತಕೋಶದಲ್ಲಿ ಉಳಿಯುತ್ತವೆ, ಪಿತ್ತರಸದ ಜೊತೆ ಮತ್ತೆ ಕರುಳಿಗೆ ಬಂದು ಹೊರಗೆ ಹೋಗುತ್ತಿರುತ್ತವೆ. ಹೆಚ್ಚಿನವರಲ್ಲಿ ಕೆಲವು ವಾರ, ಕೆಲವು ತಿಂಗಳು. ಎಲ್ಲೋ ಕೆಲವರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಜೀವಮಾನವಿಡೀ. ಆ ಮನುಷ್ಯರಿಗೆ ಒಂದು ತಲೆನೋವೂ ಬರುವುದಿಲ್ಲ. ಗಟ್ಟಿಮುಟ್ಟಾಗಿರುತ್ತಾರೆ, ಪ್ರೀತಿಯಿಂದ ಅಡಿಗೆ ಮಾಡುತ್ತಾರೆ, ಉಂಡವರು ಮಲಗುತ್ತಾರೆ.

ಇದನ್ನು ಬಲ್ಲವರು ನಮ್ಮ ಡಾಕ್ಟರು. ಫ್ರೇಜರ್ ಟೌನಿನಲ್ಲಿ ಕ್ಲಿನಿಕ್ಕು, ಕನ್ನಡವನ್ನು ತಮಿಳಿನ ಉಯ್ಯಾಲೆಯಲ್ಲಿ ಕೂರಿಸಿ ತೂಗುವ ಮಾತು. ನಮ್ಮ ಮನೆಗೂ ಶಬಾನಾಳ ಮನೆಗೂ ಅವರೇ. ಜ್ವರ ಇಳಿದು ನಾನು ಅಪ್ಪನ ಜೊತೆ ತೋರಿಸಿಕೊಳ್ಳಲು ಹೋದ ದಿನ, ಹೊಟ್ಟೆ ಒತ್ತಿ ನೋಡುತ್ತ ಕೇಳಿದರು:

"ಏನ್ ಪಾ ಕಣ್ಣಾ, ಆ ಪಕ್ಕದ್ಮನೆ ಪಾಪಾ ನೀನು ಇಬ್ರೂ ಒಂದೇ ಕಡೆ ಏನ್ ತಿಂತೀರಾ? ಪಾನಿಪೂರಿಯಾ? ಸುಳ್ಳು ಹೇಳ್ಬಾರ್ದು ಆಯ್ತಾ."

ಒಂದು ತಿಂಗಳಿನಿಂದ ಪ್ರೇಕ್ಷಕರಿಲ್ಲದೆ ಒಣಗಿದ್ದ ಕಲಾವಿದ ನಾನು. ಮಂಚದಿಂದ ಇಳಿದು, ಸ್ಟೂಲನ್ನು ಮೆಟ್ಟಿಲು ಮಾಡಿಕೊಂಡು, ಅಜ್ಜಿಯ ಕೈತುತ್ತನ್ನು ಇಡಿಯಾಗಿ ಮಾಡಿ ತೋರಿಸಿದೆ. ಸೆರಗಿಗೆ ಕೈ ಒರೆಸುವುದು, ಅಂಗೈಯಲ್ಲಿ ನಾದುವುದು, ಬೆರಳು ನೆಕ್ಕಿ ಕಣ್ಣು ಮುಚ್ಚಿ ಉಪ್ಪಿನ ಬಗ್ಗೆ ಯೋಚಿಸುವುದು, ಅದೇ ಬೆರಳಿನಿಂದ ತುತ್ತು ಕಟ್ಟಿ "ಬಾಯಿ ತೆಗೀಲೇ ಕೋಳಿಮರಿ" ಎನ್ನುವುದು. ಅಪ್ಪ ನಕ್ಕರು. ಕಾಂಪೌಂಡರು ನಕ್ಕ. ಡಾಕ್ಟರು ಮೊದಲು ನಗುತ್ತಿದ್ದರು, ಬೆರಳು ನೆಕ್ಕುವಲ್ಲಿಗೆ ಬಂದಾಗ ನಿಲ್ಲಿಸಿದರು.

"ಅಜ್ಜಿಗೆ ಮುಂಚೆ ಟೈಫಾಯ್ಡ್ ಬಂದಿತ್ತಾ ಸಾರ್?"

ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. "ನಲವತ್ತು ದಿನ!" ಎಂದೆ, ಅದನ್ನೂ ಅಜ್ಜಿಯ ದನಿಯಲ್ಲೇ. ಆ ದಿನದಷ್ಟು ಚೆನ್ನಾಗಿ ನಾನು ಅವಳನ್ನು ಮತ್ತೆಂದೂ ಮಾಡಿಲ್ಲ.

ಮನೆಯವರೆಲ್ಲರ ಮಲ ಪರೀಕ್ಷೆಯಾಗಬೇಕೆಂದರು ಡಾಕ್ಟರು. ಮೈಯಲ್ಲಿ ಏನೂ ಇಲ್ಲದಂತೆ ಕಾಣುವವರೊಳಗೂ ಕ್ರಿಮಿ ಇರುತ್ತದೆ, ಯಾರದೂ ತಪ್ಪಲ್ಲ, ಆದರೆ ಅಂಥವರು ಅಡಿಗೆಮನೆಯಲ್ಲಿರಬಾರದು ಎಂದರು. ನಾಲ್ಕು ಡಬ್ಬಿ ಕೊಟ್ಟರು. ಬಿಳಿ ಪ್ಲಾಸ್ಟಿಕ್ಕು, ಕೆಂಪು ಮುಚ್ಚಳ, ಒಳಗೊಂದು ಪುಟ್ಟ ಚಮಚ, ಮೇಲೆ ಹೆಸರು ಬರೆದ ಚೀಟಿ. ಅಪ್ಪ ಮನೆಗೆ ಬಂದು ವಿಷಯ ಹೇಳಿದರು. ಅಮ್ಮ ಹಲಗೆಯ ಮೇಲಿನ ಪುಡಿ ಡಬ್ಬಗಳನ್ನು ಒಮ್ಮೆ ನೋಡಿದಳು. ಅಜ್ಜಿ ಮಾತ್ರ ಡಬ್ಬಿಯನ್ನು ಬೆರಳ ತುದಿಯಲ್ಲಿ ಹಿಡಿದು, ಮುಚ್ಚಳ ತೆಗೆದು, ಚಮಚ ನೋಡಿ, ಹೌಹಾರಿದಳು.

"ಇದರಾಗೇನು? ಚಮಚಾ ಬ್ಯಾರೆ ಇಟ್ಟಾರ! ಥೂ, ನಿನ್ನ ಡಾಕ್ಟರ ಮನಿ ಹಾಳಾಗ. ನಾ ಈ ವಯಸ್ನ್ಯಾಗ ಡಬ್ಬಿ ಹಿಡಕಂಡು ಕುಂದ್ರಲೇನು? ಅದನ್ನ ನೀನು ಗಾಡಿ ಮ್ಯಾಲೆ ಹೊತ್ಗಂಡು ಹೋಗ್ತೀ? ನಿನ್ನ ಹಡದು ಇದಾ ನೋಡಬೇಕಿತ್ತು ನಾನು."

"ಅವ್ವಾ, ಬೆಳಿಗ್ಗೆ ಏಳಕ್ಕೆ ರೆಡಿ ಇರ್ಬೇಕು. ಲ್ಯಾಬಿಗೆ ಕೊಟ್ಟು ಆಫೀಸಿಗೆ ಹೋಗ್ತೀನಿ."

ಅಪ್ಪನದು ಅಷ್ಟೇ ಮಾತು. ಯಾವುದನ್ನೂ ಆಫೀಸಿನ ಸುತ್ತೋಲೆಯಂತೆ ಓದಿ ಹೇಳುವವರು. ಆದರೆ ಅಮ್ಮ ಅಪ್ಪನಿಗೆ ಒಳಕೋಣೆಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ: "ಅತ್ತೆಗೇನಾದ್ರೂ ಇದೆ ಅಂತ ಬಂದ್ರೆ ದಾವಣಗೆರೆಗೆ ಕಳಿಸ್ಬೇಕಾಗತ್ತೆ. ಅಡಿಗೆ ಮಾಡ್ದೆ ಅವರು ಒಂದು ದಿನ ಸುಮ್ನೆ ಕೂರಲ್ಲ, ಇವನು ಉಣ್ಣದೆ ಇರಲ್ಲ." ಬೀಗದ ಕೈ ಮೊಳೆಯಿಂದ ಇಳಿದು ನನ್ನ ಕೊರಳಿಗೆ ಬರುವುದು ಕಣ್ಣಿಗೆ ಕಟ್ಟಿತು. ಮೂರೂವರೆಯಿಂದ ಆರೂವರೆ.

ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ಡಬ್ಬಿ ಹಿಡಿದು ನಿಂತಿದ್ದಳು, ಪರೀಕ್ಷೆಯ ಹಾಲ್‌ಟಿಕೆಟ್ ಕಳೆದುಕೊಂಡವಳ ಹಾಗೆ. ನಾನು ನನ್ನ ಡಬ್ಬಿಯೊಂದಿಗೆ ಕಕ್ಕಸಿನ ಕಡೆ ಹೊರಟಿದ್ದೆ.

"ತಮ್ಮಾ, ನನ್ನ ಕೈಲಿ ಆಗಂಗಿಲ್ಲಪಾ. ನಾಚಿಕಿ ಬರ್ತತಿ."

"ಕೊಡು ಇಲ್ಲಿ. ನಂದೇ ಎರಡಕ್ಕೂ ಹಾಕ್ತೀನಿ."

ಅಜ್ಜಿ ನನ್ನ ಮುಖ ನೋಡಿದಳು. ಹೆಗಲು ಕುಣಿಯತೊಡಗಿತು.

"ಹಾಕು ಹಾಕು. ಯಾರದಾದ್ರೇನು, ಒಂದಾ ಬೇಸನ್ ಅನ್ನ ಅಲ್ಲೇನು ಉಂಡದ್ದು!"

ಎಲ್ಲರ ದನಿ ಮಾಡುತ್ತಿದ್ದವನಿಗೆ ಇದೂ ಒಂದು ವೇಷ. ನಾನು ಜಾಣನೆಂದುಕೊಂಡಿದ್ದೆ. ನನ್ನ ಜ್ವರ ಹೋಗಿದೆ, ಮಾತ್ರೆ ಮುಗಿದಿದೆ, ಹಾಗಾದರೆ ನನ್ನೊಳಗೆ ಏನೂ ಇಲ್ಲ. ನನ್ನದನ್ನೇ ಕೊಟ್ಟರೆ ಅಜ್ಜಿಯೂ ಪಾಸು. ಇಷ್ಟು ಸರಳವಾದ ಲೆಕ್ಕವನ್ನು ನಮ್ಮ ಮೂಗಿನ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ನಾಲ್ಕು ಡಬ್ಬಿಗಳನ್ನು ತಮ್ಮ ಊಟದ ಬುಟ್ಟಿಯಂಥದೇ ಇನ್ನೊಂದು ಬುಟ್ಟಿಯಲ್ಲಿಟ್ಟು, ಯಾವುದು ಯಾವುದೆಂದು ಎರಡು ಸಲ ನೋಡಿಕೊಂಡು, ಸ್ಕೂಟರು ಹತ್ತಿದರು.

ಮೂರ್ನಾಲ್ಕು ದಿನಕ್ಕೆ ಫಲಿತಾಂಶ ಬಂತು. ಅಪ್ಪನದರಲ್ಲಿ ಏನೂ ಇಲ್ಲ. ಅಮ್ಮನದರಲ್ಲಿ ಏನೂ ಇಲ್ಲ. ನನ್ನ ಡಬ್ಬಿಯಲ್ಲಿ ಕ್ರಿಮಿ ಬೆಳೆದಿತ್ತು. ಅದು ಸಹಜ, ಈಗ ತಾನೇ ಎದ್ದ ಹುಡುಗ, ಇನ್ನೂ ಕೆಲವು ವಾರ ಹೋಗುತ್ತಿರುತ್ತದೆ, ಕೈ ಸೋಪಿನಿಂದ ತೊಳೆಯಲಿ ಎಂದರು ಡಾಕ್ಟರು. ಅಜ್ಜಿಯ ಹೆಸರಿನ ಡಬ್ಬಿಯಲ್ಲೂ ಬೆಳೆದಿತ್ತು. ಅದು ಸಹಜ ಅಲ್ಲ ಎಂದರು.

ಅಪ್ಪ ಇದನ್ನು ಪಡಸಾಲೆಯಲ್ಲಿ ನಿಂತು ಓದಿ ಹೇಳುವಾಗ ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೈ ನಿಂತಿತು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆ ಕೋಣೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿಯನ್ನು ಅವಳು ಹೇಳುತ್ತಾಳೆಂದು ಕಾದೆ, ನಾನು ಹೇಳುತ್ತೇನೆಂದು ಅವಳು ಕಾದಳೋ ಏನೋ. ಕೊನೆಗೆ ಅಜ್ಜಿ ಹುಣಸೆಹಣ್ಣಿನ ತಟ್ಟೆಯನ್ನು ಮೆಲ್ಲಗೆ ಅಮ್ಮನ ಕಡೆ ಸರಿಸಿದಳು. ನೆಲದ ಮೇಲೆ ಅದು ಉಜ್ಜಿಕೊಂಡು ಹೋದ ಸದ್ದು ಕೇಳಿಸಿತು. ಅಮ್ಮ ತಟ್ಟೆ ತೆಗೆದುಕೊಳ್ಳದೆ ಒಂದು ಕ್ಷಣ ನಿಂತಳು, ಆಮೇಲೆ ತೆಗೆದುಕೊಂಡು ಅಡಿಗೆಮನೆಗೆ ಹೋದಳು.

ಇನ್ನೊಂದು ಸಲ ನೋಡಿ ಖಚಿತಪಡಿಸಿಕೊಳ್ಳೋಣ ಎಂದಿದ್ದರು ಡಾಕ್ಟರು. ಹೊಸ ಡಬ್ಬಿ ಬಂತು. ಈ ಸಲ ಅಜ್ಜಿಯ ಹೆಸರಿನದೊಂದೇ. ಬೆಳಿಗ್ಗೆ ಹಿತ್ತಲಲ್ಲಿ ನಾನೇ ಅವಳ ಸೆರಗು ಜಗ್ಗಿದೆ.

"ಅಜ್ಜಿ, ಈ ಸಲ ನಿಂದೇ ಕೊಡು. ನಿಂದ್ರಲ್ಲಿ ಏನೂ ಇರಲ್ಲ. ನಿನಗೇನೂ ಆಗಿಲ್ವಲ್ಲ."

ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಗೋಡೆಯಾಚೆ ಶಬಾನಾಳ ಮನೆ. ಅವಳು ಇನ್ನೂ ಆಸ್ಪತ್ರೆಯಲ್ಲೇ ಇದ್ದಳು.

"ಇಲ್ಲದಿದ್ರ ಚಲೋ ಆತು. ಇದ್ರ?"

"ಇದ್ರೆ... ಮಾತ್ರೆ ಕೊಡ್ತಾರೆ."

"ಮಾತ್ರಿ ಅಲ್ಲಲೇ. ಖರೇನಾ ಇದ್ರ, ಆ ಹುಡುಗಿಗೆ ನಾನಾ ಉಣಿಸಿದಂಗಾತಲ್ಲ. ಈ ಕೈಯಿಂದ." ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಈಗಾದ್ರ ನಿಂದು ಅಂತ ನನಗ ಗೊತ್ತೈತಿ. ಸುಳ್ಳು ಅಪವಾದ, ಹೊತ್ಗಂಡು ಹೋಗಬೌದು. ಖರೇದನ್ನ ಎಲ್ಲಿಗೆ ಹೊತ್ಗಂಡು ಹೋಗ್ಲಿ?"

"ಹಾಗಾದ್ರೆ ನಾನೇ ಅಪ್ಪಂಗೆ ಹೇಳ್ತೀನಿ, ಎರಡೂ ನಂದೇ ಅಂತ."

"ಹೇಳು. ಆಮ್ಯಾಲೆ ಮತ್ತ ಡಬ್ಬಿ ತರ್ತಾನ, ಬಾಗಿಲ ಮುಂದ ನಿಂತು ಇಸ್ಕಂತಾನ. ಆವಾಗ ಏನ್ಮಾಡ್ಲಿ?" ಡಬ್ಬಿಯನ್ನು ನನ್ನ ಕೈಗಿಟ್ಟು ಬೆರಳುಗಳನ್ನು ಮಡಿಸಿದಳು. "ಹೋಗಪಾ. ಜಾಣ."

ನಾನು ಹೋದೆ. ಹತ್ತು ವರ್ಷ ದಾಟಿದ ಹುಡುಗ, ಬೇಡ ಎನ್ನಬಹುದಿತ್ತು. ಡಬ್ಬಿಯನ್ನು ಚರಂಡಿಗೆ ಎಸೆಯಬಹುದಿತ್ತು. ಯಾರ ದನಿಯಲ್ಲಾದರೂ ಕಿರುಚಬಹುದಿತ್ತು. ಅವಳು ಹೇಳಿದ ಹಾಗೆ ಮಾಡಿದೆ, ಏಕೆಂದರೆ ಹೇಳಿದ ಹಾಗೆ ಮಾಡುವುದು ಸುಲಭವಾಗಿತ್ತು. ಇನ್ನೊಂದು ಕಾರಣವೂ ಇದೆ, ಬರೆದುಬಿಡುತ್ತೇನೆ: ಎರಡು ಡಬ್ಬಿಯೂ ನನ್ನವೆಂದು ಗೊತ್ತಾದರೆ ಅಪ್ಪ ನನ್ನನ್ನು ಬಡಿಯುತ್ತಾರೆಂಬ ಹೆದರಿಕೆ. ಅಜ್ಜಿ ಹೊರಟುಹೋಗುವ ದುಃಖಕ್ಕಿಂತ ಆ ಬೆಳಿಗ್ಗೆ ಅದೇ ದೊಡ್ಡದಾಗಿತ್ತು.

ಎರಡನೆಯದರಲ್ಲೂ ಕ್ರಿಮಿ ಬೆಳೆಯಿತು. ಅಜ್ಜಿಗೆ ಒಂದು ತಿಂಗಳ ಮಾತ್ರೆ ಬರೆದುಕೊಟ್ಟು, ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಎಂದರು. ಅಪ್ಪ ಒಂದು ಭಾನುವಾರ ಅವಳನ್ನು ದಾವಣಗೆರೆಗೆ ಬಿಟ್ಟುಬಂದರು. ಪುಡಿ ಡಬ್ಬಗಳನ್ನು ಅಜ್ಜಿ ಇಲ್ಲೇ ಬಿಟ್ಟುಹೋಗಿದ್ದಳು. ಅಮ್ಮ ಅವುಗಳಲ್ಲಿದ್ದುದನ್ನು ಸುರಿದು, ಡಬ್ಬಗಳನ್ನು ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಬೋರಲು ಹಾಕಿದಳು. ಖುಷಿಯಿಂದ ಮಾಡಿದಳೆಂದು ಹೇಳಲಾರೆ. ಒಂದೊಂದನ್ನೂ ಬಹಳ ಹೊತ್ತು ಉಜ್ಜಿದಳು.

ಶಬಾನಾ ಆಸ್ಪತ್ರೆಯಿಂದ ಬಂದಳು, ತಲೆಯ ಕೂದಲೆಲ್ಲ ಉದುರಿ, ಬಿಳಿ ದುಪಟ್ಟಾ ಬಿಗಿದುಕೊಂಡು. ಮೆಟ್ಟಿಲ ಹತ್ತಿರ ಬರಲಿಲ್ಲ. ನಾನು ತಾರಸಿ ಹತ್ತಿ, ಅವರ ಹಿತ್ತಲಲ್ಲಿ ನಿಂತಿದ್ದವಳನ್ನು ಅವಳ ಅಮ್ಮಿಯ ದನಿಯಲ್ಲಿ, "ಕೈಕು ಗೇ, ಇಧರ್ ಆ!" ಎಂದು ಕೂಗಿ ಕರೆದೆ. ಮೊದಲಾದರೆ ಬಿದ್ದು ಬಿದ್ದು ನಗುತ್ತಿದ್ದಳು.

"ಅಮ್ಮಿ ನಕ್ಕೋ ಬೋಲೀ. ನಿಮ್ ಮನೆ ಕಡೆ ಹೋಗ್ಬಾರ್ದಂತೆ."

"ಅಜ್ಜಿ ಇಲ್ಲ ಈಗ. ಊರಿಗೆ ಹೋದ್ಳು."

"ಗೊತ್ತು." ದುಪಟ್ಟಾದ ಗಂಟು ಬಿಗಿಮಾಡಿಕೊಳ್ಳುತ್ತ ಕೇಳಿದಳು, "ವಾಪಸ್ ಬರಲ್ವಾ?"

"ಇಲ್ಲ."

"ಅಚ್ಛಾ ಅನ್ನ ಮಾಡ್ತಿದ್ರು," ಎಂದು ಒಳಗೆ ಹೋದಳು. ಆ ವರ್ಷದ ಕೊನೆಗೆ ಅವರು ಟ್ಯಾನರಿ ರಸ್ತೆಯ ಕಡೆ ಮನೆ ಮಾಡಿಕೊಂಡು ಹೋದರು. ಅಜ್ಜಿ ಹೋದ ಕೆಲವು ವಾರಗಳ ಮೇಲೆ ಮಾಡಿಸಿದ ನನ್ನ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ನನ್ನೊಳಗೆ ಇದ್ದವರೂ ಖಾಲಿ ಮಾಡಿದ್ದರು. ಮೂರೂವರೆಗೆ ಬಾಗಿಲು ತೆಗೆದು ಒಳಗೆ ಬಂದು ಮಂಚದ ಮೇಲೆ ಕೂತಿರುತ್ತಿದ್ದೆ. ಯಾರನ್ನೂ ಕರೆಸಿಕೊಳ್ಳಬೇಕೆನ್ನಿಸುತ್ತಿರಲಿಲ್ಲ. ಅಜ್ಜಿಯ ದನಿ ಮಾಡಬಹುದಿತ್ತು, ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಅಮ್ಮನೂ ನಾನೂ ದಾವಣಗೆರೆಗೆ ಹೋದೆವು. ಅಜ್ಜಿ ಹೊರಜಗುಲಿಯಲ್ಲಿ ಕೂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಅವಳದೇ ಒಂದು ತಟ್ಟೆ, ಒಂದು ಲೋಟ. ದೊಡ್ಡಮ್ಮ ಕೆಟ್ಟವಳಲ್ಲ. "ಅತ್ತಿ, ನೀವು ಅಲ್ಲೇ ಕುಂದ್ರಿ, ಏಳಬ್ಯಾಡ್ರಿ, ನಾನಾ ತರ್ತೀನಿ" ಎಂದು ಪ್ರತಿ ಸಲ ನಗುತ್ತಲೇ ಹೇಳುತ್ತಿದ್ದಳು. ಅಡಿಗೆಮನೆಯ ಹೊಸಿಲು ದಾಟಲು ಮಾತ್ರ ಬಿಡುತ್ತಿರಲಿಲ್ಲ. ಮಾತ್ರೆ ಯಾವತ್ತೋ ಮುಗಿದಿತ್ತು. ಮತ್ತೊಂದು ಪರೀಕ್ಷೆ ಮಾಡಿಸುವ ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಆಗಿರಲಿಲ್ಲ, ಅಜ್ಜಿಯೂ ಕೇಳಿರಲಿಲ್ಲ. ನಾಲ್ಕು ಗಂಟೆಗೆ ನಾನು ಪಕ್ಕದಲ್ಲಿ ಕೂತೆ. ಅವಳ ಎರಡು ಕೈಯೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವು ಹಾಗೆ ಸುಮ್ಮನಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಆ ಹುಡುಗಿ ಹೆಂಗೈತಲೇ?"

"ಕೂದಲು ಬಂತು. ಚೆನ್ನಾಗಿದಾಳೆ."

"ಹ್ಞೂಂ," ಎಂದಳು. ಮತ್ತೆ ಕೇಳಿದಳು, "ಉದ್ದ ಬಂದೈತೇನು?"

"ಇಷ್ಟು," ಎಂದು ಕಿವಿಯ ಹತ್ತಿರ ತೋರಿಸಿದೆ. ನಾನು ಶಬಾನಾಳನ್ನು ನೋಡಿ ತಿಂಗಳುಗಳಾಗಿದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ, ಹಿರಿಯೂರು ದಾಟಿದ ಮೇಲೆ, ಅಮ್ಮನಿಗೆ ಹೇಳಿಬಿಟ್ಟೆ. ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ.

"ಅಮ್ಮಾ, ಆ ಡಬ್ಬಿ ಇತ್ತಲ್ಲ, ಅಜ್ಜಿದು. ಅದು ನಂದು."

"ಯಾವ್ದು?"

"ಎರಡೂ ಸಲ. ಅಜ್ಜಿ ಕೊಡ್ಲೇ ಇಲ್ಲ. ನಾನೇ ಹಾಕಿದ್ದು."

ಅಮ್ಮ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ನಾನು ಇನ್ನೊಂದು ಆಟ ಆಡುತ್ತಿದ್ದೇನೋ ಎಂದು ನೋಡಿದಳು. ಇಲ್ಲವೆಂದು ಗೊತ್ತಾದ ಮೇಲೂ ಗಲ್ಲ ಬಿಡಲಿಲ್ಲ.

"ಅಜ್ಜಿಗೆ ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಹೋದ್ರಾ?"

"ಹೂಂ."

ಶಿರಾ ಬಂತು, ಕಳ್ಳಂಬೆಳ್ಳ ಬಂತು. ಅಮ್ಮ ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದಳು. ಕಂಡಕ್ಟರು ಬಂದು ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ. ಬಸ್ಸು ನಿಲ್ಲಿಸಿ ಇಳಿದು ಹಿಂದಕ್ಕೆ ಹೋಗೋಣ ಎನ್ನುತ್ತಾಳೆಂದು ನಾನು ನನ್ನ ಚಪ್ಪಲಿ ಹುಡುಕಿ ಕಾಲಿಗೆ ಹಾಕಿಕೊಂಡು ಕೂತೆ. ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ, ಸೌತೆಕಾಯಿಯವರು ಕಿಟಕಿಗೆ ಮುತ್ತಿಕೊಂಡ ಗದ್ದಲದಲ್ಲಿ, ಕೊನೆಗೆ ಮಾತಾಡಿದಳು.

"ಅಪ್ಪಂಗೆ ಹೇಳ್ಬೇಡ."

ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ. ಅಜ್ಜಿ ಮತ್ತೆ ಐದು ವರ್ಷ ಆ ಜಗುಲಿಯಲ್ಲೇ ಇದ್ದಳು. ಅವಳೊಳಗೆ ನಿಜಕ್ಕೂ ಏನಾದರೂ ಇತ್ತೇ, ಶಬಾನಾಳಿಗೆ ಬಂದದ್ದು ಅವಳ ಕೈಯಿಂದಲೋ, ನನ್ನ ಕೈಯಿಂದಲೋ, ಎರಡೂ ಮನೆಗೆ ಬರುತ್ತಿದ್ದ ನಲ್ಲಿಯ ನೀರಿನಿಂದಲೋ, ಯಾರಿಗೂ ಗೊತ್ತಾಗಲಿಲ್ಲ. ಅವಳನ್ನು ಅಲ್ಲಿ ಕೂರಿಸಲು ಅವಳ ಹೆಸರಿನ ಡಬ್ಬಿ ಸಾಕಾಗಿತ್ತು.

ಆ ದಿನ ನಾವು ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಅಮ್ಮ ಪ್ರಯಾಣದ ಸೀರೆಯನ್ನೂ ಬದಲಾಯಿಸದೆ ಅಡಿಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ಬೇಳೆ ಬೇಯಿಸಿ ತಿಳಿಸಾರು ಮಾಡಿದಳು. ನನಗೆ ತಟ್ಟೆ ಹಾಕಿ, ತಾನು ಹಾಕಿಕೊಳ್ಳದೆ, ಎದುರಿಗೆ ಗೋಡೆಗೊರಗಿ ಕೂತಳು. ಬೇಡವೆಂದು ಎದ್ದುಬಿಡಬೇಕೆಂದು ನಾನು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಆದರೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಕಲಸಿದೆ, ಉಂಡೆ. ಅಮ್ಮ ನೋಡುತ್ತಲೇ ಇದ್ದಳು.

"ಇನ್ನೊಂಚೂರು ಹಾಕ್ಲಾ?"

"ಹಾಕು," ಎಂದೆ.